ಹೊಂಗೆ ಮರಕ್ಕೆ ಒಂದು ಇಂಗ್ಲಿಷ್ ಪದ

ವೈಂಡಿಂಗ್ ತಂತಿ ಕೊಳ್ಳುವಾಗ ಮೊದಲು ಬ್ಲೇಡಿನಿಂದ ಕೆರೆದು ನೋಡಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟ ಮೊದಲ ಪಾಠ ಇದು. ಮೇಲಿನಿಂದ ನೋಡಿದರೆ ಎಲ್ಲಾ ಸುರುಳಿಯೂ ಒಂದೇ ಕೆಂಪು. ಕೆರೆದಾಗ ಒಳಗೂ ಕೆಂಪು ಕಂಡರೆ ತಾಮ್ರ, ಬಿಳಿ ಕಂಡರೆ ಅಲ್ಯೂಮಿನಿಯಂ. ಬಿಳಿ ತಂತಿ ಸುತ್ತಿದ ಮೋಟಾರೂ ಓಡುತ್ತದೆ. ಆದರೆ ನಡುಬೇಸಿಗೆಯಲ್ಲಿ, ಬೆಳೆಗೆ ನೀರು ಬೇಕೇ ಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಸುಟ್ಟುಹೋಗುತ್ತದೆ. ಹುಣಸೂರಿನಲ್ಲಿ ನನ್ನದೇ ಅಂಗಡಿ ಇಟ್ಟ ಮೇಲೂ ಕೆರೆಯದೆ ಒಂದು ಸುರುಳಿಯನ್ನೂ ಒಳಗೆ ತಂದಿಲ್ಲ.

ಇಂಗ್ಲಿಷ್ ಪದಗಳ ಮೇಲೂ ನನಗೆ ಅದೇ ಅನುಮಾನ.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹಾರನಹಳ್ಳಿ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಿಕೊಂಡಿದ್ದೆ, ಆಮೇಲೆ ಕೆ.ಆರ್. ನಗರದಲ್ಲಿ ಮೋಟಾರು ಕೆಲಸ ಕಲಿತೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತಾಗ ಮೀಸೆಯಲ್ಲಿ ಬಿಳಿ ಕೂದಲು ಬಂದಿತ್ತು. ಇಂಗ್ಲಿಷ್ ಪೇಪರಿನಲ್ಲಿ, ಇದೇ ಅರ್ಥ ಕೊಡುವ ಇನ್ನೊಂದು ಪದ ಬರೆಯಿರಿ ಎಂಬ ಪ್ರಶ್ನೆ. ಬಿಗ್ ಅಂದರೆ ಲಾರ್ಜ್, ಬಿಗಿನ್ ಅಂದರೆ ಸ್ಟಾರ್ಟ್. ಬಾಯಿಪಾಠ ಮಾಡಿ ಬರೆದೆ, ಮಾರ್ಕ್ಸೂ ಬಂತು. ಆದರೆ ನಂಬಿಕೆ ಬರಲಿಲ್ಲ. ಅರ್ಥ ಒಂದೇ ಆದರೆ ಎರಡೆರಡು ಪದಗಳನ್ನು ಯಾರು ಸುಮ್ಮನೆ ಸಾಕುತ್ತಾರೆ? ಒಂದು ಹಸುವಿಗೆ ಎರಡು ಹಗ್ಗ ಹಾಕಿ ಕಟ್ಟಿದ್ದಾರೆ ಅಂದರೆ ಆ ಹಸು ಹಾಯುತ್ತದೆ ಅಂತಲೇ ಲೆಕ್ಕ.

ಇದನ್ನು ಈಗ ಬರೆಯಲು ಕಾರಣ ನನ್ನ ಅಕ್ಕನ ಹೊಲದ ಮೂಲೆಯಲ್ಲಿರುವ ಒಂದು ಹೊಂಗೆ ಮರ.

ಅಕ್ಕನ ಹೊಲ ಇರುವುದು ಹಂಪಾಪುರದ ಹತ್ತಿರ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಉಳುಮೆ ಮಾಡಿಸಲಾರದೆ, ಒಂದು ಬೆಳೆಯ ಮಟ್ಟಿಗೆ ಶುಂಠಿಯವರಿಗೆ ಕೊಟ್ಟಳು. ಶುಂಠಿಯವರು ಅಂದರೆ ಕೇರಳದ ವಯನಾಡಿನಿಂದ ಬರುವವರು. ನಮ್ಮ ಕಡೆ ಅವರನ್ನೆಲ್ಲ ಚೇಟ ಅಂತಲೇ ಕರೆಯುವುದು. ಈ ಚೇಟ ಸುಟ್ಟ ಮೋಟಾರೊಂದನ್ನು ನನ್ನ ಅಂಗಡಿಗೆ ತಂದಾಗ ಪರಿಚಯವಾಗಿ, ನಾನೇ ಅಕ್ಕನ ಹೊಲ ತೋರಿಸಿದ್ದೆ. ಹಾಗಾಗಿ ಏನೇ ಹೆಚ್ಚುಕಡಿಮೆಯಾದರೂ ಅಕ್ಕ ಮೊದಲು ಹಿಡಿಯುವುದು ನನ್ನ ಕೊರಳಪಟ್ಟಿ.

ಹೊಲ ಕೊಡುವ ದಿನ ನಾನು ಒಂದು ಮಾತು ಹೇಳಿದ್ದೆ. "ಬಾಯಿಮಾತು ಬೇಡ ಚೇಟ. ಏನೇ ಇದ್ರೂ ನನ್ನ ಫೋನಿಗೆ ಬರೆದು ಹಾಕಿ. ಆಮೇಲೆ ನಾನಂಗಂದೆ ನೀನಿಂಗಂದೆ ಅಂತ ಆಗಬಾರ್ದು." ಆತ ಖುಷಿಯಿಂದಲೇ ಒಪ್ಪಿದ. ಇಷ್ಟು ಬೇಗ ಒಪ್ಪಿದನಲ್ಲ ಎಂದು ನನಗೆ ಅವತ್ತೇ ಒಂದು ಚೂರು ಕಸಿವಿಸಿಯಾಗಿತ್ತು. ಆತನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನಗೆ ಮಲಯಾಳ ಮಾತಾಡಲೂ ಬರುವುದಿಲ್ಲ, ಓದಲೂ ಬರುವುದಿಲ್ಲ. ಬರೆದು ಹಾಕಬೇಕು ಅಂದರೆ ಇಬ್ಬರಿಗೂ ಉಳಿಯುವುದು ಇಂಗ್ಲಿಷ್ ಒಂದೇ. ಎದುರು ನಿಂತರೆ ಸಲೀಸಾಗಿ ಮಾತಾಡಬಲ್ಲ ಇಬ್ಬರು, ಇಬ್ಬರದೂ ಅಲ್ಲದ ಭಾಷೆಯಲ್ಲಿ ವ್ಯವಹಾರಕ್ಕೆ ಕೂತೆವು.

ಮುಂಗಾರಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಆತನ ಮೆಸೇಜು ಬಂತು.

"ಸರ್, ಐ ನೀಡ್ ಟು ಕ್ಲಿಯರ್ ಕಾರ್ನರ್ ಟ್ರೀ. ಪ್ಲೀಸ್ ಪರ್ಮಿಟ್."

ಮೂಲೆಯ ಮರದ ವಿಚಾರ ಎಂದು ಗೊತ್ತಾದ ಕೂಡಲೇ ಕೈಲಿದ್ದ ಕಾಯಿಲ್ ಕೆಳಗಿಟ್ಟೆ. ಆ ಮರ ಬರೀ ಮರವಲ್ಲ. ಅಕ್ಕನ ಹೊಲಕ್ಕೂ ಪಕ್ಕದ ಹೊಲಕ್ಕೂ ಇರುವ ಗಡಿಗೆ ಉಳಿದಿರುವ ಒಂದೇ ಸಾಕ್ಷಿ ಅದು. ಪಕ್ಕದ ಹೊಲ ಭಾವನ ದಾಯಾದಿ ತಮ್ಮನದು, ಅಕ್ಕನಿಗೆ ಮೈದುನನಾಗಬೇಕು. ಆತ ಪ್ರತಿ ಉಳುಮೆಯಲ್ಲೂ ಒಂದೊಂದು ಸಾಲು ಈ ಕಡೆಗೆ ಒತ್ತುತ್ತಾ ಬಂದಿದ್ದಾನೆ ಎಂಬುದು ಅಕ್ಕನ ದೂರು. ಗಡಿಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೈದುನನ ಮನೆಯ ಮುಂದೆ ಬಟ್ಟೆ ಒಗೆಯುವುದಕ್ಕೆ ಹೊಸದಾಗಿ ಒಂದು ಕಲ್ಲು ಬಂದಿದೆ, ಅಕ್ಕ ಅದನ್ನು ಹಾದುಹೋಗುವಾಗಲೆಲ್ಲ ತಿರುಗಿ ನೋಡುತ್ತಾಳೆ. ಮರದಿಂದ ಮಾರು ದೂರ ಆಚೆಗೆ ಅವಳ ಗಡಿ ಎಂದು ಊರಿಗೆಲ್ಲ ಗೊತ್ತು. ಮರ ಹೋದರೆ, ಆ ಗೊತ್ತಿರುವುದನ್ನು ಎಲ್ಲಿಂದ ಅಳೆಯುವುದು?

ಅಕ್ಕನಿಗೆ ಫೋನ್ ಮಾಡಿ ಮೆಸೇಜು ಓದಿ ಹೇಳಿದೆ.

"ಕಿಲೀರು ಅಂದ್ರೇನ್ಲಾ?" ಅಂದಳು.

"ಸಾಪ್ ಮಾಡೋದು, ತೆರವು ಮಾಡೋದು, ಅಂಗೆ."

"ಮರಾನ ಏನ್ಲಾ ಸಾಪ್ ಮಾಡಾದು? ಗುಡ್ಸಿ ಸಾರ್ಸಾಕೆ ಅದೇನ್ ಅಟ್ಟೀನಾ?"

"ಅದ್ಕೇ ಕಣಕ್ಕ, ನಂಗೂ ಅನ್ಮಾನ."

"ನಿಂಗೆ ಅನ್ಮಾನ, ನಂಗೆ ಗ್ಯಾರಂಟಿ. ನಮ್ ಮೈದ ಮೂರ್ ದಿವ್ಸದಿಂದ ಆ ಚೇಟನ್ ಆಳುಗ್ಳ ಜೊತೇಲಿ ಕುಂತ್ಕಂಡು ಟೀ ಕುಡೀತಾವ್ನೆ. ತಂದೆ ಸತ್ತಾಗ್ಲೂ ಯಾರ್ಗೂ ಒಂದ್ ಲೋಟ ಟೀ ಕೊಟ್ಟೋನಲ್ಲ ಅವ್ನು. ನೀನು ಊ ಅನ್ಬ್ಯಾಡ, ಊಹೂಂ ಅಂತ್ಲೂ ಅನ್ಬ್ಯಾಡ. ಯೋಚ್ನೆ ಮಾಡಿ ಬರಿ."

ಯೋಚನೆ ಮಾಡಲು ಕೂತೆ. ಅಂಗಡಿಯಲ್ಲಿ ಪರೀಕ್ಷೆ ಕಟ್ಟಿದಾಗಿನ ಇಂಗ್ಲಿಷ್–ಕನ್ನಡ ನಿಘಂಟು ಇದೆ, ವಾರ್ನಿಷ್ ಡಬ್ಬದ ಪಕ್ಕದಲ್ಲಿ ಇಟ್ಟು ಇಟ್ಟು ಅದರ ಹಾಳೆಗಳೂ ಅಂಟಂಟು. ಕ್ಲಿಯರ್ ಎಂಬಲ್ಲಿ ಸ್ಪಷ್ಟ, ತಿಳಿ, ಅಡ್ಡಿ ನಿವಾರಿಸು, ತೆರವುಗೊಳಿಸು ಎಂದು ಬರೆದಿತ್ತು. ತೆರವು ಎಂಬ ಮಾತಿನ ರುಚಿ ನಮಗೆ ಗೊತ್ತು. ರಸ್ತೆ ಅಗಲ ಮಾಡುವಾಗ ನಮ್ಮ ಬೀದಿಯನ್ನು ತೆರವು ಮಾಡುತ್ತೇವೆ ಅಂದಿದ್ದರು, ಜೆಸಿಬಿ ಬಂದು ಹೋದ ಮೇಲೆ ಅಲ್ಲಿ ಮೆಟ್ಟಿಲೂ ಇರಲಿಲ್ಲ, ಮೋರಿಯೂ ಇರಲಿಲ್ಲ. ಹಾಗಾದರೆ ಮರವನ್ನು ಬೇರುಸಹಿತ ಎತ್ತುವ ಲೆಕ್ಕವೇ ಇದು.

ಕ್ಲಿಯರ್ ಬೇಡ, ಬೇರೆ ಪದ ಹುಡುಕಿ ನಾನೇ ಕೊಡೋಣ ಅಂದುಕೊಂಡೆ. ರೆಂಬೆ ಬೇಕಿದ್ದರೆ ತೆಗೆದುಕೊಳ್ಳಲಿ, ಮರ ಇರಬೇಕು. ಅಷ್ಟನ್ನು ಹೇಳುವ ಪದ ಯಾವುದು? ಕಟ್, ಟ್ರಿಮ್, ಪ್ರೂನ್, ಲಾಪ್ ಎಲ್ಲವನ್ನೂ ತೆಗೆದೆ. ನಿಘಂಟಿನಲ್ಲಿ ಎಲ್ಲದಕ್ಕೂ ಕತ್ತರಿಸು, ಕತ್ತರಿಸು, ಕತ್ತರಿಸು. ನನ್ನ ಮುಂದೆ ಒಂದೇ ಬಣ್ಣದ ಸುರುಳಿಗಳನ್ನು ಸಾಲಾಗಿ ಇಟ್ಟ ಹಾಗಾಯಿತು. ಅವನ್ನು ಕೆರೆಯಲು ನನ್ನ ಹತ್ತಿರ ಇದ್ದದ್ದು ಒಂದೇ ಬ್ಲೇಡು. ಆ ಪದವನ್ನು ನಾನು ಯಾರ ಬಾಯಲ್ಲಿ ಕೇಳಿದ್ದೇನೆ, ಕೇಳಿದ ಮೇಲೆ ಏನಾಯಿತು?

ಟ್ರಿಮ್ ಎಂಬುದನ್ನು ಕೇಳಿದ್ದು ಕ್ಷೌರದ ಅಂಗಡಿಯಲ್ಲಿ. ಸುಮ್ಮನೆ ಟ್ರಿಮ್ ಮಾಡಪ್ಪ ಅಂದು ಕಣ್ಣು ಮುಚ್ಚಿದರೆ, ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಕೂದಲಾದರೆ ಬೆಳೆಯುತ್ತದೆ, ಗಡಿ ಬೆಳೆಯುವುದಿಲ್ಲ. ಪ್ರೂನ್ ಕಾಫಿ ತೋಟದವರ ಮಾತು. ಪಿರಿಯಾಪಟ್ಟಣದ ಆಚೆ ತೋಟವೊಂದಕ್ಕೆ ಮೋಟಾರು ಇಳಿಸಲು ಹೋದಾಗ, ಪ್ರೂನಿಂಗ್ ಆಗಿದೆ ಎಂದು ತೋರಿಸಿದ ಗಿಡಗಳಲ್ಲಿ ಎಲೆಗಿಂತ ಮೋಟೇ ಹೆಚ್ಚಿತ್ತು. ಲಾಪ್ ಎಂಬುದನ್ನು ಯಾರ ಬಾಯಲ್ಲೂ ಕೇಳಿಲ್ಲ, ಕೇಳದ ಪದಕ್ಕೆ ಸಹಿ ಹಾಕುವುದು ಹೇಗೆ? ಕೊನೆಗೆ ಉಳಿದದ್ದು ಕಟ್.

ಒಂದು ಬೆರಳಿನಲ್ಲಿ ಟೈಪ್ ಮಾಡಿದೆ. "ನೋ ಕ್ಲಿಯರ್. ಓನ್ಲಿ ಸ್ಮಾಲ್ ಕಟ್." ಕಳಿಸುವ ಮುಂಚೆ ಮತ್ತೆ ಓದಿಕೊಂಡೆ. ಸಣ್ಣ ಗಾಯ ಸಾಕು ಅಂದಂತಾಯಿತಲ್ಲ! ಬೇಡದ ಮರವನ್ನು ಕೊಲ್ಲುವವರು ದೊಡ್ಡದಾಗಿ ಏನೂ ಮಾಡುವುದಿಲ್ಲ. ಬುಡದ ತೊಗಟೆಯನ್ನು ಬಳೆಯ ಹಾಗೆ ಸುತ್ತ ಕೆತ್ತಿ, ಆ ಗಾಯಕ್ಕೆ ಆಸಿಡ್ ಹೊಯ್ದು ಹೋಗುತ್ತಾರೆ. ಮರ ನಿಂತ ಹಾಗೇ ಒಣಗುತ್ತದೆ. ಕೇಳಿದರೆ, ಸ್ಮಾಲ್ ಕಟ್‌ಗೆ ನೀವೇ ಒಪ್ಪಿದ್ದೀರಲ್ಲ ಸಾರ್ ಅಂತ ನನ್ನ ಮೆಸೇಜನ್ನು ನನಗೇ ತೋರಿಸುತ್ತಾನೆ. ಎಲ್ಲವನ್ನೂ ಅಳಿಸಿದೆ.

ಕೊನೆಗೆ ಕಳಿಸಿದ್ದು "ಪ್ಲೀಸ್ ವೇಟ್" ಎಂದು ಮಾತ್ರ. ಸ್ಟಾಪ್ ಅನ್ನಲೋ ವೇಟ್ ಅನ್ನಲೋ ಎಂದು ಅದಕ್ಕೂ ಒಂದು ಟೀ ಆಯಿತು.

ಆತನ ಉತ್ತರ ಕೂಡಲೇ ಬಂತು. "ಓಕೆ ಸರ್. ಓನ್ಲಿ ಟ್ರಿಮ್."

ಇದು ನನಗೆ ಇನ್ನೂ ಕೆಟ್ಟದಾಗಿ ಕಂಡಿತು. ನಾನು ಕಾಯಿರಿ ಅಂದೆ, ಆತ ಪದವನ್ನೇ ಬದಲಾಯಿಸಿದ. ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ತಾನಾಗಿ ರೇಟು ಇಳಿಸುವ ವ್ಯಾಪಾರಿಯ ಹತ್ತಿರ ನಾನು ಯಾವತ್ತೂ ಸಾಮಾನು ಕೊಂಡಿಲ್ಲ. ಕ್ಲಿಯರಿನಿಂದ ಟ್ರಿಮ್ಮಿಗೆ ಇಷ್ಟು ಸಲೀಸಾಗಿ ಇಳಿಯುವವನು, ಕೆಲಸದ ಹೊತ್ತಿಗೆ ಅಷ್ಟೇ ಸಲೀಸಾಗಿ ವಾಪಸ್ ಹತ್ತಲಾರನೇ?

ಮಾರನೇ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿರುವಾಗಲೇ ಅಕ್ಕನ ಫೋನು. "ಲೋ, ಏಣಿ ಬಂತು, ಮಚ್ಚು ಬಂತು, ನಾಕ್ ಜನ ಆಳ್ಗಳು ಮರದ್ ತಾವ ನಿಂತವ್ರೆ. ಮೈದ ಅಲ್ಲೇ ಬುಡ್ದಾಗೆ ಕುಂತವ್ನೆ. ನಿನ್ ಕಿಲೀರು ಗಿಲೀರು ಎಲ್ಲಾ ಆಮ್ಯಾಕೆ ನೋಡ್ಕಳವಾ, ನೀನು ಬ್ಯಾಗ ಬಾ." ತೆಗೆದ ಬಾಗಿಲನ್ನು ಹಾಗೇ ಎಳೆದು ಬೈಕ್ ಹತ್ತಿದೆ.

ನಾನು ಹೋಗುವ ಹೊತ್ತಿಗೆ ಹೊಲದಲ್ಲಿ ಕೆಲಸವೆಲ್ಲ ನಿಂತಿತ್ತು. ಏಣಿ ಮರಕ್ಕೆ ಒರಗಿತ್ತು, ಯಾರೂ ಹತ್ತಿರಲಿಲ್ಲ, ಯಾಕೆಂದರೆ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಅಕ್ಕ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಚೇಟ ಪಂಚೆ ಎತ್ತಿ ಕಟ್ಟಿಕೊಂಡು, ಹೊಸದಾಗಿ ಮಾಡಿದ ಶುಂಠಿ ಬೆಡ್ಡುಗಳ ಹತ್ತಿರ ನಿಂತಿದ್ದ. ಮೈದುನ ಮರದ ಬೇರಿನ ಮೇಲೆ ಆರಾಮಾಗಿ ಕೂತಿದ್ದ.

"ಸಾರೇ, ಒಳ್ಳೆ ಟೈಮಿಗೆ ಬಂದ್ರಿ," ಚೇಟ ಅಂದ. "ಚೇಚಿ, ನಿಮ್ಮ ಅಕ್ಕ, ಏಣಿ ಬಿಡ್ತಾ ಇಲ್ಲ."

"ವೇಟ್ ಅಂತ ಬರೆದಿದ್ನಲ್ಲ ಚೇಟ?"

"ವೇಟ್ ಮಾಡಿದೆ ಸಾರೇ. ಒಂದು ರಾತ್ರಿ ಫುಲ್ ವೇಟ್ ಮಾಡಿದೆ."

"ಕ್ಲಿಯರ್ ಅಂತ ಯಾಕೆ ಬರೆದ್ರಿ? ಮರ ತೆಗೆಯೋಕೆ ತಾನೇ?"

ಆತ ಎರಡೂ ಕೈ ಎತ್ತಿದ. "ಅಯ್ಯೋ, ಇಲ್ಲ ಸಾರೇ! ಇಲ ಮಾತ್ರಂ. ಎಲೆ ಮಾತ್ರ. ಬೆಡ್ಡಿಗೆ ಮೇಲೆ ಸೊಪ್ಪು ಹಾಕ್ಬೇಕು, ಮಳೆ ಬರೋ ಮೊದಲು. ಕಟ್ ಅಂತಲೇ ಬರೆದಿದ್ದೆ ಫಸ್ಟು. ಮಗಳು ಹೇಳಿದಳು, ಪಪ್ಪಾ ಕಟ್ ಬರೀಬೇಡ, ನಾಳೆ ಹೊಲ ವಾಪಸ್ ಕೊಡುವಾಗ ಇವನು ನಮ್ಮ ಮರ ಕಟ್ ಮಾಡಿದ ಅಂತ ಅದೇ ಮೆಸೇಜ್ ತೋರಿಸ್ತಾರೆ. ರಿಮೂವ್ ಬೇಡ, ಅದು ಜಾಸ್ತಿ ಆಯ್ತು. ಕ್ಲಿಯರ್ ಅಂದ್ರೆ ಸ್ವಲ್ಪ ಮರ್ಯಾದೆ ಪದ. ಯಾರೂ ಕೇಸ್ ಹಾಕಲ್ಲ."

"ಮತ್ತೆ ಅಲೌ ಅನ್ನದೆ ಪರ್ಮಿಟ್ ಅಂತ ಯಾಕೆ?"

"ಅಲೌ ಅಂದ್ರೆ ನಿಮ್ಮ ದಯೆ ಸಾರೇ. ನಾಳೆ ಬೆಳಿಗ್ಗೆ ಇಲ್ಲ ಅನ್ನಬಹುದು. ಪರ್ಮಿಟ್ ಅಂದ್ರೆ ಆಫೀಸಿನ ಪದ, ಗಟ್ಟಿ."

ನಾನು ಹುಣಸೂರಿನಲ್ಲಿ ಆತನ ಪದಗಳನ್ನು ಕೆರೆಯುತ್ತಾ ಕೂತಿದ್ದಾಗ, ಆತ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನನ್ನೇ ಕೆರೆಯುತ್ತಿದ್ದ. ಹಾಗಂತ ನಂಬಿಕೆ ಬಂತು ಅಂತಲ್ಲ. ಇಷ್ಟು ಚೆನ್ನಾಗಿ ಪದ ಆರಿಸಬಲ್ಲವನು ಈಗ ಹೇಳುತ್ತಿರುವುದನ್ನೂ ಆರಿಸಿಯೇ ಹೇಳುತ್ತಿರಬಹುದಲ್ಲ.

ಅಕ್ಕ ಎಲೆ ಉಗಿದು ಎದ್ದಳು. "ಮುಗೀತಾ ನಿಮ್ ಇಂಗ್ಲೀಸು? ಕೊಡಗಿನ್ ತೋಟಕ್ಕೆ ಕೂಲಿಗೋದಾಗ ನೆಳ್ಳಿನ್ ಮರದ್ ರೆಂಬೆ ಸವರಾ ಮರಗಸಿ ಎಷ್ಟ್ ನೋಡಿಲ್ಲ ನಾನು. ಸವರಾದೇ ಬ್ಯಾರೆ, ಕಡ್ಯಾದೇ ಬ್ಯಾರೆ. ನಮ್ ಮಾತ್ನಾಗೇ ಅಷ್ಟ್ ಫರಕದೆ, ಅವ್ರ್ ಮಾತ್ನಾಗ್ ಇರಾಕಿಲ್ವಾ. ಬನ್ನಿ ಇತ್ಲಾಗೆ."

ನಮ್ಮ ಕಡೆ ಬದುವಿನ ಮರದ ಸೊಪ್ಪು ಸವರಿಸುವಾಗ, ಮರ ಯಾರದೋ ಅವರೇ ಬುಡಕ್ಕೆ ಬಂದು ಸುಣ್ಣದಲ್ಲಿ ಒಂದು ಗೀಟು ಎಳೆಯುವ ರೂಢಿ ಇದೆ. ಆ ಗೀಟಿನಿಂದ ಕೆಳಗೆ ಮಚ್ಚು ತಾಗಬಾರದು. ತುದಿಯಲ್ಲೂ ಒಂದು ಜುಟ್ಟು ಬಿಡಬೇಕು, ಮರ ಅದರಲ್ಲೇ ಉಸಿರು ಹಿಡಿದುಕೊಂಡು ಮತ್ತೆ ಚಿಗುರುತ್ತದೆ. ಈಗ ಸೊಪ್ಪಿನ ಗೊಬ್ಬರ ಹಾಕುವವರೇ ಕಡಿಮೆಯಾಗಿ ಈ ರೂಢಿ ನನಗೆ ಮರೆತೇ ಹೋಗಿತ್ತು.

ಅಕ್ಕ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು. ನೇರವಾಗಿ ಮರಕ್ಕೆ ಬಳಿಯುತ್ತಾಳೆ ಅಂದುಕೊಂಡೆ. ಅವಳು ಡಬ್ಬಿಯನ್ನು ಮೈದುನನ ಮುಂದೆ ಹಿಡಿದಳು.

"ಬಾರಪ್ಪ ಮೈದ. ನೀನು ಎತ್ರ ಇದೀಯ. ನೀನೇ ಬಳಿ, ಚೆನ್ನಾಗ್ ಕಾಣ್ಲಿ."

ಮೈದುನ ಡಬ್ಬಿಯನ್ನು ನೋಡಿದ, ಅಕ್ಕನನ್ನು ನೋಡಿದ. ಅದರೊಳಗೆ ಏನೋ ಇದೆ ಎಂದು ಅವನಿಗೂ ಅನುಮಾನ ಬಂದಿರಬೇಕು. ಬೇರಿನಿಂದ ಎದ್ದು ಹಿಂದೆ ಸರಿದ. "ನಂಗ್ಯಾಕ್ ಬುಡು ಅತ್ಗೆ. ನಿನ್ ಮರ, ನೀನೇ ಬಳ್ಕೊ. ನಾಳೆ ಒಣಗ್ದ್ರೆ ನನ್ ಮ್ಯಾಕೆ ಆಕಾಕಾ?"

"ಯಾರ್ ಮರ ಅಂದೆ?"

ನಾಲ್ಕು ಜನ ಆಳುಗಳು, ಚೇಟ, ನಾನು, ಎಲ್ಲರೂ ಮೈದುನನನ್ನೇ ನೋಡುತ್ತಿದ್ದೆವು. ಆಳುಗಳಲ್ಲಿ ಒಬ್ಬ ಹಿರಿಯ, ಕಾಡಂಚಿನ ಹಾಡಿಯವನು, ಮಚ್ಚಿನ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತಾ ಅಂದ, "ನಿಮ್ಮತ್ಗೇರ್ ಮರ ಅಂದ್ರಲ್ಲ ಅಣ್ಣೋ. ನಮ್ಗೆಲ್ಲಾ ಕೇಳಿಸ್ತು."

"ಅಂದೆ, ಏನೀಗ," ಎಂದು ಮೈದುನ ಟವೆಲ್ ಕೊಡವಿ, ಮರದಿಂದ ಒಂದು ಮಾರು ಆಚೆ, ತನ್ನ ಹೊಲದ ಒಳಕ್ಕೆ ಹೋಗಿ ನಿಂತುಕೊಂಡ. ಅವನು ಎಲ್ಲಿ ದಾಟಿದ ಎಂಬುದನ್ನು ಅಕ್ಕ ಕಣ್ಣಲ್ಲೇ ಅಳೆದದ್ದು ನನಗೆ ಕಾಣಿಸಿತು.

ಆಮೇಲೆ ಅವಳೇ ಬೆರಳಲ್ಲಿ ಸುಣ್ಣ ತೆಗೆದು, ಕೈಗೆ ಎಟುಕುವಷ್ಟು ಎತ್ತರದಲ್ಲಿ ಕಾಂಡಕ್ಕೆ ಒಂದು ಸುತ್ತು ಬಳಿದಳು. ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಇಷ್ಟ್ ಸಲೀಸಾಗಿ ಅಂದ್ಬುಟ್ನಲ್ಲಾ. ಇದ್ರಾಗೂ ಏನೋ ಅದೆ ಕಣ್ಲಾ."

"ಬಾಯ್ ತಪ್ಪಿ ಬಂತು ಬುಡಕ್ಕ."

"ಅವ್ನ್ ಬಾಯಿ ತಪ್ಪಾದಲ್ಲ. ಅದ್ನೂ ಬರ್ಸ್ಕೊ."

ಬರೆಸಿಕೊಳ್ಳುವುದು ಅಂದರೆ ಮತ್ತೆ ಅದೇ ಫೋನು, ಅದೇ ಇಂಗ್ಲಿಷು. ನಾನು ಮರದ ಫೋಟೋ ತೆಗೆದೆ. ಬಿಳಿ ಗೀಟು ಚೆನ್ನಾಗಿ ಕಾಣಿಸುತ್ತಿತ್ತು, ಅದರ ಹಿಂದೆ ತನ್ನ ಹೊಲದಲ್ಲಿ ನಿಂತ ಮೈದುನನೂ ಫೋಟೋದಲ್ಲಿ ಬಿದ್ದ. ಕೆಳಗೆ ಒಂದು ಮಾತು ಬರೆಯೋಣ ಎಂದು ಬೆರಳಿಟ್ಟೆ. ಬಿಲೋ ಎಂದು ಟೈಪ್ ಮಾಡಿದೆ, ಅಂಡರ್ ಎಂಬುದು ನೆನಪಾಯಿತು. ಗೀಟಿನ ಕೆಳಗೆ ಅಂದರೆ ಯಾವುದು? ಎರಡನ್ನೂ ಬಿಟ್ಟು ಬರೀ ಫೋಟೋವನ್ನೇ ಕಳಿಸಿದೆ.

ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಚೇಟನ ಜೇಬಿನಲ್ಲಿ ಫೋನು ಕಿಣಿ ಅಂದಿತು. ಆತ ತೆಗೆದು ನೋಡಿದ. ತಲೆ ಎತ್ತಿ ಸರಿ ಸಾರೇ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿಮಾತು ಬೇಡ ಅಂದವನು ನಾನೇ ಅಲ್ಲವೇ. ಆತ ಕನ್ನಡಕ ಹಾಕಿಕೊಂಡು, ಹೊಂಗೆಯ ನೆರಳಿಗೆ ಬಂದು ನಿಂತು ಟೈಪ್ ಮಾಡತೊಡಗಿದ. ಮಾಡಿದ, ಅಳಿಸಿದ, ಮತ್ತೆ ಮಾಡಿದ. ಆಳುಗಳು ಬೀಡಿ ಹಚ್ಚಿದರು. ಏಣಿ ಕಾಯುತ್ತಿತ್ತು. ಆತನ ಬೆರಳೂ ನನ್ನದರಷ್ಟೇ ನಿಧಾನ.

ನನ್ನ ಫೋನು ಸದ್ದು ಮಾಡಿತು. "ಆಕ್ಸೆಪ್ಟೆಡ್" ಎಂಬ ಒಂದೇ ಪದ.

ಅಗ್ರೀಡ್ ಅಂತ ಯಾಕೆ ಹಾಕಲಿಲ್ಲ ಎಂದು ನಾನು ಯೋಚಿಸುವಷ್ಟರಲ್ಲಿ ಅಕ್ಕ ಹೆಗಲ ಮೇಲಿಂದ ಇಣುಕಿದಳು. "ಏನಂತೆ?"

"ಸರಿ ಅಂತೆ."

"ಸರಿ ಅನ್ನಾಕೆ ಇಂಗ್ಲೀಸ್ನಾಗೆ ಒಂದೇ ಮಾತಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ ಕಣಕ್ಕ. ಬಾಳ ಅವೆ."

ಅವಳು ಚೇಟನನ್ನು ಒಮ್ಮೆ, ಆಚೆ ನಿಂತ ಮೈದುನನನ್ನು ಒಮ್ಮೆ ನೋಡಿದಳು. ಮುಚ್ಚಿದ್ದ ಸುಣ್ಣದ ಡಬ್ಬಿಯನ್ನು ಮತ್ತೆ ತೆಗೆದಳು.

"ಅಂಗಾರೆ ಇನ್ನೊಂದ್ ಸುತ್ತು ಬಳ್ದು ಬತ್ತೀನಿ, ತಡಿ," ಎಂದು ಮರದ ಕಡೆಗೆ ಹೋದಳು.